ಬಿಸಿಲೂರಿನ ಮದುವೆಗೆ ಕೆಗ್‌ನಿಂದ ಲಿಂಬು ಸೋಡಾ

ಪ್ರಶ್ನೆ: ನಮ್ಮ ಮನೆ ವಿಜಯಪುರದಲ್ಲಿ. ಏಪ್ರಿಲ್ ಕೊನೆಗೆ ತಂಗಿಯ ಮದುವೆ, ಸುಮಾರು 300 ಮಂದಿ. ಹೊರದೇಶಗಳಲ್ಲಿ ಮನೆಯಲ್ಲೇ ಮಾಡಿದ ಬಿಯರನ್ನು ಕೆಗ್ ಎಂಬ ಉಕ್ಕಿನ ಮುಚ್ಚಿದ ಪಾತ್ರೆಗೆ ತುಂಬಿ ನಲ್ಲಿಯಿಂದ ಬಗ್ಗಿಸಿ ಕೊಡುತ್ತಾರೆ. ಅದೇ ಸಾಮಾನಿನಲ್ಲಿ ಲಿಂಬು-ಶುಂಠಿ ಸೋಡಾ ಕೊಡಬೇಕೆಂದು 19 ಲೀಟರಿನ ಎರಡು ಹಳೆಯ ಕೆಗ್ ತಂದಿದ್ದೇನೆ. ಒಂದಕ್ಕೆ ಲಿಂಬು ಶರಬತ್ತು ಹಾಕಿ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಕೊಟ್ಟು ನೋಡಿದೆ. ಲೋಟದ ತುಂಬ ಬರೀ ನೊರೆ, ಕುಡಿದರೆ ಸಪ್ಪೆ. ಎಲ್ಲಿ ತಪ್ಪಿದೆ? ಇದನ್ನೇ ಮುಂದೆ ಬಿಯರಿಗೂ ಬಳಸಬಹುದೇ?

ಉತ್ತರ: ನೊರೆಯಾಗಿ ಹೋದದ್ದೇ ನಿಮ್ಮ ಗ್ಯಾಸು. ಅದಕ್ಕೇ ಲೋಟದಲ್ಲಿ ಉಳಿದದ್ದು ಸಪ್ಪೆ. ಕೆಗ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಬಹುಶಃ ನೀವು ಬೆಚ್ಚಗಿನ ಶರಬತ್ತಿಗೆ ಗ್ಯಾಸ್ ಕೊಟ್ಟಿದ್ದೀರಿ, ಅದೂ ತಿರುಳಿದ್ದ ಶರಬತ್ತಿಗೆ, ಮತ್ತು ಗಿಡ್ಡ ಪೈಪಿನಿಂದ ಬಗ್ಗಿಸಿದ್ದೀರಿ. ಈ ಮೂರರಲ್ಲಿ ಮೊದಲನೆಯದೇ ದೊಡ್ಡದು. ನಿಮ್ಮೂರಿನಲ್ಲಿ ಈ ಕೆಲಸಕ್ಕೆ ಇಳಿಯುವವರು ನಲ್ಲಿ, ಅದನ್ನು ಕೂರಿಸುವ ಟವರ್ ಎಂದು ದುಡ್ಡು ಸುರಿಯುವ ಮೊದಲು ತಂಪಿಗೆ ಸುರಿಯಬೇಕು.

ಬಿಯರಿನ ಮಾತು ಮೊದಲೇ ಮುಗಿಸುತ್ತೇನೆ. ಸಾಮಾನು ಅದೇ, ಲೆಕ್ಕವೂ ಅದೇ. ಆದರೆ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಮಟ್ಟಿಗೆ, ಸ್ವಂತ ಕುಡಿಯಲಿಕ್ಕೆ ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ. ಹಾಗಾಗಿ ಸೋಡಾದಲ್ಲೇ ನಿಲ್ಲಿ. ಈ ಕೆಗ್‌ಗಳೂ ಹುಟ್ಟಿದ್ದು ತಂಪುಪಾನೀಯಕ್ಕಾಗಿಯೇ. ಬಾಲ್ ಲಾಕ್ ಮಾದರಿಯನ್ನು ಪೆಪ್ಸಿಯವರೂ ಪಿನ್ ಲಾಕ್ ಮಾದರಿಯನ್ನು ಕೋಕಾ ಕೋಲಾದವರೂ ಅಂಗಡಿಗಳಿಗೆ ಸಿರಪ್ ಕಳಿಸಲು ಬಳಸುತ್ತಿದ್ದರು. ಅವರು ಬಿಟ್ಟ ಮೇಲೆ ಮನೆಯಲ್ಲಿ ಬಿಯರ್ ಮಾಡುವವರು ಎತ್ತಿಕೊಂಡರು. ನಿಮ್ಮ ಎರಡೂ ಕೆಗ್ ಒಂದೇ ಮಾದರಿಯವೇ ಎಂದು ನೋಡಿ. ಕನೆಕ್ಟರ್ ಕೂರುವ ಮೂತಿಗೆ ಹೊರಚಾಚಿದ ಸಣ್ಣ ಕಡ್ಡಿಗಳಿದ್ದರೆ ಪಿನ್ ಲಾಕ್, ಇಲ್ಲದಿದ್ದರೆ ಬಾಲ್ ಲಾಕ್. ಒಂದರ ಕನೆಕ್ಟರ್ ಇನ್ನೊಂದಕ್ಕೆ ಕೂರುವುದಿಲ್ಲ.

ಈಗ ತಂಪಿನ ಲೆಕ್ಕ. ನೀರಿನಲ್ಲಿ ಎಷ್ಟು ಗ್ಯಾಸ್ ಕರಗಿದೆ ಎಂಬುದನ್ನು ವಾಲ್ಯೂಮ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಲೀಟರ್ ನೀರಿನಲ್ಲಿ ಒಂದು ಲೀಟರ್ ಗ್ಯಾಸ್ ಇದ್ದರೆ ಒಂದು ವಾಲ್ಯೂಮ್, ತೂಕದಲ್ಲಿ ಸುಮಾರು 2 ಗ್ರಾಂ. ಬಿಯರಿಗೆ ಎರಡೂವರೆ ಸಾಕು. ಸಿರಪ್ ಬೆರೆಸಿ ಕುಡಿಯುವ ಸೋಡಾಕ್ಕೆ 4 ಬೇಕು, ಏಕೆಂದರೆ ಬೆರೆಸುವಾಗ ಒಂದಿಷ್ಟು ಹಾರಿಹೋಗುತ್ತದೆ. ನೀರು 4 ಡಿಗ್ರಿಯಲ್ಲಿದ್ದರೆ 4 ವಾಲ್ಯೂಮ್‌ಗೆ 28 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಸಾಕು. 10 ಡಿಗ್ರಿಗೆ 36 ಬೇಕು. 30 ಡಿಗ್ರಿಗೆ 67 ಬೇಕು. ಸಿಲಿಂಡರಿನ ಒತ್ತಡವನ್ನು ತಗ್ಗಿಸಿ ಕೆಗ್‌ಗೆ ಕೊಡುವುದು ರೆಗ್ಯುಲೇಟರ್; ಕೆಗ್‌ಗೆಂದು ಮಾರುವ ಬಹುತೇಕ ರೆಗ್ಯುಲೇಟರುಗಳ ಮಾಪಕ, ಅಂದರೆ ಗೇಜ್, 60ಕ್ಕೇ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ಟ್ಯಾಂಕಿನ ನೀರು 30 ಡಿಗ್ರಿಗಿಂತ ತಣ್ಣಗಿರುವುದಿಲ್ಲ. ಆ ನೀರಿಗೆ 28 ಪಿಎಸ್‌ಐ ಕೊಟ್ಟು ಎಷ್ಟು ದಿನ ಕಾದರೂ ಬೇಕಾದದ್ದರ ಅರ್ಧದಷ್ಟೇ ಗ್ಯಾಸ್ ಒಳಗೆ ಹೋಗುತ್ತದೆ, ಅದೂ ಲೋಟಕ್ಕೆ ಬೀಳುತ್ತಲೇ ಹೊರಗೆ ಬರುತ್ತದೆ. ಇನ್ನೊಂದು ಸಣ್ಣ ತಿದ್ದುಪಡಿ: ಗೇಜ್ ತೋರಿಸುವುದು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ವಿಜಯಪುರದಲ್ಲಿ ಗಾಳಿಯ ಒತ್ತಡವೇ ಸುಮಾರು 1 ಪಿಎಸ್‌ಐ ಕಡಿಮೆ. ಆದ್ದರಿಂದ 28ರ ಬದಲು 29 ಇಡಿ. ಬೆಳಗಾವಿಯ ಎತ್ತರದಲ್ಲೂ ಇಷ್ಟೇ, ಕೂದಲೆಳೆ ಹೆಚ್ಚು.

ಎರಡನೆಯ ನಿರ್ಧಾರ, ಕೆಗ್ ಒಳಗೆ ಏನು ಹಾಕಬೇಕು ಎಂಬುದು. ನನ್ನ ಅಭಿಪ್ರಾಯ ಸ್ಪಷ್ಟ: ಬರೀ ನೀರು. ಸಿರಪ್ ಲೋಟದಲ್ಲಿ. ಗೋಲಿ ಸೋಡಾದವರು ಮಾಡುತ್ತಿದ್ದುದೂ ಇದನ್ನೇ, ಬಾಟಲಿಯಲ್ಲಿ ಬರೀ ಸೋಡಾ, ಲಿಂಬಿ-ಉಪ್ಪು ಗ್ಲಾಸಿನಲ್ಲಿ. ಲಿಂಬಿಯ ತಿರುಳು, ಶುಂಠಿಯ ನಾರು ಎಷ್ಟು ಸೋಸಿದರೂ ಒಂದಿಷ್ಟು ಉಳಿಯುತ್ತದೆ. ಪ್ರತಿ ಚೂರೂ ಗುಳ್ಳೆ ಹುಟ್ಟುವ ಜಾಗ. ನಿಮ್ಮ ಲೋಟದ ನೊರೆಗೆ ಅದೂ ಕಾರಣ. ಅದೇ ಚೂರು ಕೆಗ್ ಮೂತಿಯೊಳಗಿನ ಸ್ಪ್ರಿಂಗ್ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಕನೆಕ್ಟರ್ ತೆಗೆದಾಗ ಸೋಡಾ ಚಿಮ್ಮುತ್ತದೆ. ಸಕ್ಕರೆ ನೀರು ಕೆಗ್‌ನಲ್ಲೇ ಬೆಚ್ಚಗೆ ಉಳಿದರೆ ಗಾಳಿಯ ಯೀಸ್ಟ್ ಸೇರಿ ಹುಳಿಯುತ್ತದೆ, ಒತ್ತಡವೂ ಏರುತ್ತದೆ. ಬೆಲ್ಲದ ಶರಬತ್ತು ಮಾಡುವ ಆಸೆಯಿದ್ದರಂತೂ ಈ ನಿಯಮ ಮುರಿಯಬೇಡಿ. ಮಹಾಲಿಂಗಪುರದ ಒಳ್ಳೆಯ ಬೆಲ್ಲವಾದರೂ ಅದರಲ್ಲಿ ಕಬ್ಬಿನ ಹಾಲಿನಿಂದ ಬಂದ ಅಂಟು, ಕಸರು ಇದ್ದೇ ಇರುತ್ತದೆ, ನೊರೆ ಕಟ್ಟಿಯೇ ಕಟ್ಟುತ್ತದೆ. ಲೋಟದಲ್ಲಿ ಬೆರೆಸಿದರೆ ಆ ನೊರೆ ಲೋಟಕ್ಕೆ ಮಾತ್ರ.

ನೀರು ಆರ್‌ಒದ್ದು ಇರಲಿ. ಬೋರ್‌ವೆಲ್‌ನ ಗಡಸು ನೀರಿನ ಕ್ಷಾರ ಸೋಡಾದ ಚುರುಕನ್ನು ಮೊಂಡು ಮಾಡುತ್ತದೆ, ನಲ್ಲಿ ನೀರಿನ ಕ್ಲೋರಿನ್ ವಾಸನೆ ಗ್ಯಾಸಿನ ಜೊತೆ ಮೂಗಿಗೇ ಹೊಡೆಯುತ್ತದೆ.

ಪ್ರಮಾಣ ಹೀಗೆ. ಒಬ್ಬರಿಗೆ ಸರಾಸರಿ ಒಂದೂವರೆ ಗ್ಲಾಸ್ ಎಂದರೆ 450 ಗ್ಲಾಸ್. ಗ್ಲಾಸಿಗೆ 40 ಮಿ.ಲೀ. ಸಿರಪ್, 160 ಮಿ.ಲೀ. ಸೋಡಾ. ಅಂದರೆ 18 ಲೀಟರ್ ಸಿರಪ್, 72 ಲೀಟರ್ ಸೋಡಾ. ಕೆಗ್‌ಗೆ 18 ಲೀಟರಿಗಿಂತ ಹೆಚ್ಚು ತುಂಬಬಾರದು. ಮೇಲೆ ಗ್ಯಾಸ್ ಪೈಪಿನ ಗಿಡ್ಡ ಕೊಳವೆ ಮುಳುಗಿದರೆ ದ್ರವ ಹಿಂದಕ್ಕೆ ರೆಗ್ಯುಲೇಟರಿಗೆ ಹೋಗುತ್ತದೆ. ಹಾಗಾಗಿ ನಾಲ್ಕು ಕೆಗ್ ಬೇಕು, ಇನ್ನೆರಡು ಹೊಂದಿಸಿಕೊಳ್ಳಿ. ನಲ್ಲಿಯೂ ಎರಡಿರಲಿ. ಸಿರಪ್ ಹಾಕಿ, ಬಗ್ಗಿಸಿ, ಕಲಸಿ ಕೊಡಲು ಗ್ಲಾಸಿಗೆ 15ರಿಂದ 20 ಸೆಕೆಂಡ್ ಹಿಡಿಯುತ್ತದೆ. ಒಂದೇ ನಲ್ಲಿಯಾದರೆ 450 ಗ್ಲಾಸಿಗೆ ಸುಮಾರು ಎರಡರಿಂದ ಎರಡೂವರೆ ತಾಸಾಯಿತು, ಊಟದ ಪಂಗತಿ ಅಷ್ಟು ಹೊತ್ತು ಕಾಯುವುದಿಲ್ಲ.

ಗ್ಯಾಸು ಕೆಗ್‌ಗೆ ಎಷ್ಟು? ಕರಗಲು ಸುಮಾರು 140 ಗ್ರಾಂ, ಖಾಲಿಯಾಗುವ ಜಾಗವನ್ನು ತುಂಬಿ ಸೋಡಾವನ್ನು ಹೊರಗೆ ತಳ್ಳಲು ಇನ್ನೂ 100 ಗ್ರಾಂ. ಪೋಲು ಸೇರಿ 300 ಎಂದಿಟ್ಟುಕೊಳ್ಳಿ. ನಾಲ್ಕು ಕೆಗ್‌ಗೆ 1.2 ಕೆ.ಜಿ. 2 ಕೆ.ಜಿ. ಸಿಲಿಂಡರ್ ಸಾಕು, ಸೋರಿಕೆ ಇಲ್ಲದಿದ್ದರೆ.

ಸಿಲಿಂಡರಿನ ಬಗ್ಗೆ ನಿಧಾನವಾಗಿ ಓದಿ, ಇಲ್ಲಿ ಆಗುವ ತಪ್ಪಿಗೆ ನೊರೆಗಿಂತ ದೊಡ್ಡ ಬೆಲೆ ತೆರಬೇಕಾಗುತ್ತದೆ. ಸಿಲಿಂಡರಿನೊಳಗೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ 57 ಬಾರ್, ಅಂದರೆ 800 ಪಿಎಸ್‌ಐಗೂ ಹೆಚ್ಚು. 31 ಡಿಗ್ರಿ ದಾಟಿದರೆ ದ್ರವ, ಅನಿಲ ಎಂಬ ಭೇದವೇ ಅಳಿಸಿ, ಒತ್ತಡ ಬಿರುಸಾಗಿ ಏರತೊಡಗುತ್ತದೆ. ಸರಿಯಾಗಿ ತುಂಬಿದ ಸಿಲಿಂಡರಿನಲ್ಲೂ 40 ಡಿಗ್ರಿಗೆ 100 ಬಾರ್ ಮೀರುತ್ತದೆ. ಅಳತೆ ಮೀರಿ ತುಂಬಿದ್ದರೆ ಇನ್ನೂ ಬಹಳ. ಸಿಲಿಂಡರ್ ಅದನ್ನು ತಡೆಯುವಂತೆ ಮಾಡಿರುತ್ತಾರೆ, ತಡೆಯಲಾರದಾಗ ವಾಲ್ವಿನಲ್ಲಿರುವ ತೆಳು ತಗಡು ಒಡೆದು ಇಡೀ ಗ್ಯಾಸನ್ನು ಒಮ್ಮೆಗೇ ಹೊರಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ, ತಗಡಿನ ಶೆಡ್ಡಿನಲ್ಲಿ, ಪೆಂಡಾಲಿನ ಬಿಸಿಲ ಬದಿಯಲ್ಲಿ ಅದನ್ನು ಇಡಬೇಡಿ. ನೆರಳಿನಲ್ಲಿ, ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಕಟ್ಟಿ, ಒದ್ದೆ ಗೋಣಿಚೀಲ ಸುತ್ತಿ. 2 ಕೆ.ಜಿ. ಗ್ಯಾಸ್ ಹತ್ತಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಸೋರಿದರೆ ಅಲ್ಲಿನ ಗಾಳಿಯಲ್ಲಿ ಸುಮಾರು 4 ಪ್ರತಿಶತವಾಗುತ್ತದೆ, ಅದು ಪ್ರಾಣಕ್ಕೆ ಅಪಾಯದ ಮಟ್ಟ. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಹತ್ತಿರ, ಮಕ್ಕಳು ಮಲಗುವ ಎತ್ತರದಲ್ಲೇ ದಟ್ಟವಾಗುತ್ತದೆ. ದೇವರಮನೆ ಪಕ್ಕದ ಉಗ್ರಾಣದಲ್ಲಲ್ಲ, ವರಾಂಡದಲ್ಲಿಡಿ.

ಕೊಳ್ಳುವಾಗ ಮೂರು ಮಾತು ಕೇಳಿ. ಗ್ಯಾಸ್ ಆಹಾರ ದರ್ಜೆಯದೇ? ವೆಲ್ಡಿಂಗ್‌ನದು ಬೇಡ. ಸಿಲಿಂಡರಿನ ಮೈಮೇಲೆ ಕೊರೆದ ಪರೀಕ್ಷೆಯ ದಿನಾಂಕ 5 ವರ್ಷದೊಳಗಿದೆಯೇ? ಒಳಗೆ ತಳದವರೆಗೆ ಕೊಳವೆ ಇದೆಯೇ? ಅಗ್ನಿಶಾಮಕ ಸಿಲಿಂಡರುಗಳಲ್ಲಿ ಇಂಥ ಕೊಳವೆ ಇರುತ್ತದೆ. ಅದರಿಂದ ಹೊರಬರುವುದು ಅನಿಲವಲ್ಲ, ದ್ರವ. ರೆಗ್ಯುಲೇಟರ್ ಹೆಪ್ಪುಗಟ್ಟಿ ಹಾಳಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತರಬೇಡಿ. ಇನ್ನು ಎಷ್ಟು ಉಳಿದಿದೆ ಎಂಬುದು ಗೇಜಿನಿಂದ ತಿಳಿಯುವುದಿಲ್ಲ. ದ್ರವ ಇರುವ ತನಕ ಮುಳ್ಳು ಅಲ್ಲೇ ನಿಂತು, ಮುಗಿಯುತ್ತಲೇ ದಬಕ್ಕನೆ ಬೀಳುತ್ತದೆ. ತಕ್ಕಡಿಯಲ್ಲಿ ತೂಗಿ, ಮೈಮೇಲೆ ಬರೆದ ಖಾಲಿ ತೂಕ ಕಳೆಯಿರಿ.

ರೆಗ್ಯುಲೇಟರ್, ಪೈಪು, ಜೋಡಣೆಗೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶ ಒಳ್ಳೆಯ ಆಸರೆ. ಹೈಡ್ರಾಲಿಕ್ ಮತ್ತು ಯಂತ್ರಭಾಗಗಳ ಕಸುಬು ಅಲ್ಲಿ ಬೇರೂರಿದೆ, ವಿದೇಶಿ ರೆಗ್ಯುಲೇಟರಿನ ತಿರುಪಿನ ಎಳೆ ನಮ್ಮ ಸಿಲಿಂಡರಿನ ವಾಲ್ವಿಗೆ ಕೂರದಿದ್ದರೆ ಸರಿಹೊಂದುವ ಅಡಾಪ್ಟರ್ ಮಾಡಿಸಿಕೊಳ್ಳಬಹುದು. ಎರಡನ್ನೂ ಕೈಯಲ್ಲಿ ಹಿಡಿದು ಹೋಗಿ, ಬಾಯಲ್ಲಿ ಅಳತೆ ಹೇಳಬೇಡಿ. ಆದರೆ ಅಲ್ಲಿ ಸುಲಭವಾಗಿ ಸಿಗುವ ಮೂರು ವಸ್ತು ನಿಮಗೆ ಬೇಡ. ಒಂದು, ವೆಲ್ಡಿಂಗ್‌ನ ರೆಗ್ಯುಲೇಟರ್. ಅದು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಹರಿವನ್ನು ಅಳೆಯುತ್ತದೆ, ನಿಮಗೆ ಬೇಕಾದದ್ದು ಒತ್ತಡವನ್ನು ಹಿಡಿದಿಡುವಂಥದು. ಎರಡು, ಎಣ್ಣೆಗೆಂದು ಮಾಡಿದ ಕರಿ ಒ-ರಿಂಗ್, ಅಂದರೆ ಜೋಡಣೆ ಸೋರದಂತೆ ತಡೆಯುವ ರಬ್ಬರಿನ ಬಳೆ. ಸೋಡಾಕ್ಕೆ ರಬ್ಬರಿನ ವಾಸನೆ ಬರುತ್ತದೆ, ಆಹಾರ ದರ್ಜೆಯ ಸಿಲಿಕೋನ್ ಅಥವಾ ಇಪಿಡಿಎಂ ಎಂಬ ರಬ್ಬರಿನದು ಹಾಕಿ. ಮೂರನೆಯದು ಹಿತ್ತಾಳೆ. ಸೋಡಾ ಆಮ್ಲ. ತಾಮ್ರ, ಹಿತ್ತಾಳೆಯಲ್ಲಿ ನಿಂತ ಸೋಡಾ ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಕುಡಿದವರಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ನಿಕಲ್ ಲೇಪದ ಹೊಳೆಯುವ ನಲ್ಲಿಯ ಒಳಗೂ ಹಿತ್ತಾಳೆಯೇ ಇರಬಹುದು. ಸೋಡಾ ಮುಟ್ಟುವ ಪ್ರತಿ ಲೋಹವೂ 304 ಸ್ಟೇನ್‌ಲೆಸ್ ಉಕ್ಕಾಗಿರಲಿ. ಗ್ಯಾಸಿನ ಬದಿಯಲ್ಲಿ ಹಿತ್ತಾಳೆ ನಡೆಯುತ್ತದೆ, ಆದರೆ ಸೋಡಾ ಹಿಂದಕ್ಕೆ ಬರದಂತೆ ನಡುವೆ ಒಂದು ಚೆಕ್ ವಾಲ್ವ್ ಇರಲೇಬೇಕು.

ಇನ್ನು ಕೆಲಸ. ಹಳೆಯ ಕೆಗ್‌ನ ಮುಚ್ಚಳದ ವಾಲ್ವ್ ಎಳೆದು ಒತ್ತಡ ಪೂರ್ತಿ ಬಿಟ್ಟ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಎರಡೂ ಮೂತಿ ಬಿಚ್ಚಿ, ಕೊಳವೆ ಹೊರತೆಗೆದು, ಐದೂ ಒ-ರಿಂಗ್ ಬದಲಿಸಿ: ಮುಚ್ಚಳಕ್ಕೆ ಒಂದು ದೊಡ್ಡದು, ಮೂತಿಗೆ ಎರಡು, ಕೊಳವೆಗೆ ಎರಡು. ಹಳೆಯ ಕೋಲಾದ ವಾಸನೆ ಉಳಿಯುವುದು ಈ ರಬ್ಬರಿನಲ್ಲೇ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒಂದು ತಾಸು ನೆನೆಸಿ, ಚೆನ್ನಾಗಿ ತೊಳೆಯಿರಿ. ಬ್ಲೀಚಿಂಗ್ ಪೌಡರ್ ಮುಟ್ಟಿಸಬೇಡಿ, ಕ್ಲೋರಿನ್ ಉಕ್ಕಿನಲ್ಲಿ ಸೂಜಿಮೊನೆಯ ಗುಂಡಿ ಕೊರೆಯುತ್ತದೆ. ಕೊಳವೆಗಳನ್ನು ಮರಳಿ ಕೂರಿಸುವಾಗ ಗಿಡ್ಡದ್ದು ಗ್ಯಾಸ್ ಬದಿಗೆ, ಉದ್ದದ್ದು ಸೋಡಾ ಬದಿಗೆ. ಬಾಲ್ ಲಾಕ್‌ನಲ್ಲಿ ಗ್ಯಾಸಿನ ಮೂತಿಗೆ ಸಣ್ಣ ಕಚ್ಚು ಗುರುತು ಇರುತ್ತದೆ. ಕನೆಕ್ಟರ್ ಅದಲುಬದಲಾದರೆ ಒತ್ತಿದಾಗ ಕೂತೀತು, ಕೀಳುವುದು ಕಷ್ಟ.

ಕುದಿಸಿ ಆರಿಸಿದ ನೀರು ತುಂಬುವ ಮೊದಲು ಖಾಲಿ ಕೆಗ್‌ಗೆ 30 ಪಿಎಸ್‌ಐ ಕೊಟ್ಟು, ಮುಚ್ಚಳ ಮೇಲಕ್ಕೆ ಒತ್ತಿ ಕೂತಿತೇ ನೋಡಿ. ಸೋಪಿನ ನೀರು ಸವರಿ. ಗುಳ್ಳೆ ಏಳದಿದ್ದರೂ ಸಿಲಿಂಡರ್ ಬಂದ್ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗೇಜ್ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಈ ಪರೀಕ್ಷೆ ಖಾಲಿ ಕೆಗ್‌ನಲ್ಲೇ ಆಗಬೇಕು. ನೀರಿದ್ದರೆ ಗ್ಯಾಸ್ ಕರಗಿಯೂ ಮುಳ್ಳು ಇಳಿಯುತ್ತದೆ, ಸೋರಿಕೆಯೋ ಕರಗಿದ್ದೋ ತಿಳಿಯುವುದಿಲ್ಲ.

ಆಮೇಲೆ 18 ಲೀಟರ್ ತುಂಬಿ, ಗ್ಯಾಸ್ ಕೊಟ್ಟು ವಾಲ್ವ್ ಎಳೆದು ಬಿಡಿ. ಹೀಗೆ ನಾಲ್ಕೈದು ಬಾರಿ ಮಾಡಿ ಮೇಲಿನ ಗಾಳಿಯನ್ನು ಹೊರಹಾಕಿ. ಗಾಳಿ ಉಳಿದರೆ ಗೇಜಿನ ಒತ್ತಡದಲ್ಲಿ ಅದರ ಪಾಲೂ ಸೇರಿ ನಿಮ್ಮ ಲೆಕ್ಕ ತಪ್ಪುತ್ತದೆ. ಈಗ ತಂಪು ಮಾಡಿ, ಗ್ಯಾಸ್ ಹಚ್ಚದೆಯೇ. ಫ್ರಿಜ್ಜಿನಲ್ಲಾದರೆ ಪೂರ್ತಿ ಒಂದು ದಿನ. ಕೆಗ್ ಸುಮಾರು 22 ಸೆಂ.ಮೀ. ಅಗಲ, 64 ಸೆಂ.ಮೀ. ಎತ್ತರ. ಸಿಂಗಲ್ ಡೋರ್ ಫ್ರಿಜ್ಜಿನ ಕಪಾಟು, ತರಕಾರಿ ಡಬ್ಬಿ ತೆಗೆದರೆ ಒಂದು ಕೂರಬಹುದು, ತಳದಲ್ಲಿ ಕಂಪ್ರೆಸರಿನ ಉಬ್ಬು ಎಷ್ಟು ಚಾಚಿದೆ ಎಂದು ಮೊದಲು ಅಳೆಯಿರಿ. ಶಾಶ್ವತವಾಗಿ ಇಡಬೇಕೆಂದರೆ ಮೇಲಿಂದ ತೆರೆಯುವ ಡೀಪ್ ಫ್ರೀಜರ್ ಕೊಂಡು, ಹೊರಗಿನ ಥರ್ಮೋಸ್ಟಾಟ್ ಹಚ್ಚಿ 3 ಡಿಗ್ರಿಗೆ ಇಡಿ. 2ಕ್ಕಿಂತ ಕೆಳಗೆ ಬೇಡ, ಬರೀ ನೀರಾದ್ದರಿಂದ ಹೆಪ್ಪುಗಟ್ಟೀತು. ಪೈಪಿಗೆಂದು ಅದರ ಗೋಡೆ ಕೊರೆಯಬೇಡಿ, ಒಳಗೆ ಗ್ಯಾಸಿನ ಸುರುಳಿಗಳಿರುತ್ತವೆ. ಮುಚ್ಚಳದ ಕೆಳಗೆ ಅರ್ಧ ಅಡಿ ಎತ್ತರದ ಮರದ ಚೌಕಟ್ಟು ಕೂರಿಸಿ, ತೂತು ಅದರಲ್ಲಿ ಕೊರೆಯಿರಿ.

ಮದುವೆಮನೆಯಲ್ಲಿ ಬರ್ಫ. 30 ಡಿಗ್ರಿಯ 18 ಲೀಟರನ್ನು 4ಕ್ಕೆ ಇಳಿಸಲು ಲೆಕ್ಕದ ಪ್ರಕಾರ 6 ಕೆ.ಜಿ. ಬರ್ಫ ಕರಗಬೇಕು. ಏಪ್ರಿಲ್ ಬಿಸಿಗೆ ಕೆಗ್‌ಗೆ 12 ಕೆ.ಜಿ. ತನ್ನಿ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೆಗ್ ನಿಲ್ಲಿಸಿ, ಬರ್ಫ ಹಾಕಿ, ಕೆಗ್‌ನ ಹೆಗಲು ಮುಟ್ಟುವ ತನಕ ನೀರು ಹೊಯ್ಯಿರಿ. ನೀರು ಇಲ್ಲದೆ ಬರೀ ಗಡ್ಡೆ ಸುರಿದರೆ ನಡುವೆ ಗಾಳಿ ನಿಂತು ತಂಪು ತಾಗುವುದಿಲ್ಲ. ಉಪ್ಪು ಹಾಕಬೇಡಿ.

ನೀರು 4ಕ್ಕೆ ಬಂದ ಮೇಲೆ ರೆಗ್ಯುಲೇಟರ್ 29ಕ್ಕೆ ಇಟ್ಟು ಕೆಗ್‌ಗೆ ಹಚ್ಚಿ. ಹಾಗೇ ಬಿಟ್ಟರೆ ಒಂದು ವಾರದ ಮೇಲೆ ಹಿಡಿಯುತ್ತದೆ. ಅವಸರವಿದ್ದರೆ ಕೆಗ್ ಅಡ್ಡ ಮಲಗಿಸಿ, ಗ್ಯಾಸಿನ ಮೂತಿ ಮೇಲಿರುವಂತೆ, ತೊಟ್ಟಿಲು ತೂಗಿದ ಹಾಗೆ ಐದಾರು ನಿಮಿಷ ಉರುಳಾಡಿಸಿ. ಗ್ಯಾಸ್ ಒಳಗೆ ಹೋಗುವ ಸದ್ದು ಕೇಳುತ್ತದೆ. ಸದ್ದು ನಿಂತಾಗ ತುಂಬಿತು. ಬೇಗ ಆಗಲೆಂದು ಒತ್ತಡವನ್ನು 45-50ಕ್ಕೆ ಏರಿಸುವ ರೂಢಿಯಿದೆ. ಅದನ್ನು ನಾನು ಒಪ್ಪುವುದಿಲ್ಲ. ಬಗ್ಗಿಸುವ ಒತ್ತಡದಲ್ಲೇ ಅಲುಗಾಡಿಸಿದರೆ ಎಷ್ಟು ಹೊತ್ತು ಮಾಡಿದರೂ ಗ್ಯಾಸ್ ಮಿತಿ ಮೀರುವುದಿಲ್ಲ. ಏರಿಸಿದರೆ ಯಾವಾಗ ನಿಲ್ಲಿಸಬೇಕೆಂಬುದು ಊಹೆಯ ಮಾತಾಗುತ್ತದೆ. ಆಮೇಲೆ ನೆಟ್ಟಗೆ ನಿಲ್ಲಿಸಿ ಎರಡು ತಾಸು ಬಿಡಿ.

ಈಗ ಪೈಪಿನ ಉದ್ದ. 29 ಪಿಎಸ್‌ಐನಲ್ಲಿರುವ ಸೋಡಾ ನಲ್ಲಿಯ ಬಾಯಿಗೆ ಬರುವ ಹೊತ್ತಿಗೆ ಆ ಒತ್ತಡವೆಲ್ಲ ದಾರಿಯಲ್ಲೇ ಸವೆದಿರಬೇಕು. ಇಲ್ಲದಿದ್ದರೆ ಹೊರಬೀಳುತ್ತಲೇ ಸಿಡಿದು ನೊರೆಯಾಗುತ್ತದೆ. ಸವೆಸುವುದು ಸಣ್ಣ ಪೈಪಿನ ಉದ್ದ. ಬಿಯರಿನ 12 ಪಿಎಸ್‌ಐಗೆ 4.8 ಮಿ.ಮೀ. ಒಳವ್ಯಾಸದ ಪೈಪು 3 ಮೀಟರ್ ಸಾಕು. ಅಂತರ್ಜಾಲದಲ್ಲಿ ನೀವು ಓದುವ ಅಳತೆ ಬಹುತೇಕ ಇದೇ, ಸೋಡಾಕ್ಕೆ ಅದು ಸಾಲದು. ಅದೇ ಪೈಪು 8 ಮೀಟರ್ ಹಾಕಿ, ಸುರುಳಿ ಸುತ್ತಿ ಕೆಗ್‌ನ ಪಕ್ಕದ ಬರ್ಫ ನೀರಿನಲ್ಲೇ ಮುಳುಗಿಸಿ. ಹರಿವು ತೀರ ನಿಧಾನ ಎನಿಸಿದರೆ ಒಂದಡಿಯಷ್ಟು ಕತ್ತರಿಸಿ ಮತ್ತೆ ನೋಡಿ. ಗ್ಲಾಸಿನ 160 ಮಿ.ಲೀ.ಗೆ ನಾಲ್ಕೈದು ಸೆಕೆಂಡ್ ಹಿಡಿದರೆ ಸರಿಯಾಗಿದೆ.

ಇಷ್ಟಾದರೂ ನೊರೆ ಬಂದರೆ ಪೈಪನ್ನೇ ನೋಡಿ, ಪಾರದರ್ಶಕ ಪೈಪಿನ ಉಪಕಾರ ಅದು. ಕೆಗ್‌ನ ಬುಡದಲ್ಲೇ ಗುಳ್ಳೆಗಳಿದ್ದರೆ ಕೆಗ್ ಬಿಸಿಯಾಗಿದೆ, ಇಲ್ಲವೇ ಯಾರೋ ರೆಗ್ಯುಲೇಟರ್ ಇಳಿಸಿದ್ದಾರೆ. ನೊರೆ ಕಂಡೊಡನೆ ಒತ್ತಡ ಇಳಿಸುವುದು ಎಲ್ಲರೂ ಮಾಡುವ ತಪ್ಪು. ಇಳಿಸಿದಾಗ ಕರಗಿದ್ದ ಗ್ಯಾಸ್ ಪೈಪಿನಲ್ಲೇ ಬಿಡಿಸಿಕೊಂಡು ನೊರೆ ಇನ್ನೂ ಹೆಚ್ಚುತ್ತದೆ, ಸಂಜೆಗೆ ಕೆಗ್ ಸಪ್ಪೆಯಾಗುತ್ತದೆ. ಗುಳ್ಳೆ ಸಾಲಾಗಿ ಒಂದೇ ಜಾಗದಿಂದ ಬರುತ್ತಿದ್ದರೆ ಉದ್ದ ಕೊಳವೆಯ ಒ-ರಿಂಗ್ ಹರಿದು ಮೇಲಿನ ಗ್ಯಾಸ್ ಒಳನುಗ್ಗುತ್ತಿದೆ. ನಲ್ಲಿಯ ಹತ್ತಿರ ಮಾತ್ರ ನೊರೆಯಾದರೆ ನಲ್ಲಿ ಕಾದಿದೆ. ಮೊದಲ ಗ್ಲಾಸ್ ಚೆಲ್ಲಿ, ನಲ್ಲಿಗೆ ಒದ್ದೆ ಬಟ್ಟೆ ಸುತ್ತಿಡಿ. ಬಗ್ಗಿಸುವವರಿಗೆ ಒಂದೇ ಪಾಠ: ನಲ್ಲಿ ಪೂರ್ತಿ ತೆರೆಯಬೇಕು. ಅರ್ಧ ತೆರೆದ ಕಿಂಡಿಯಲ್ಲಿ ಸೋಡಾ ನುಗ್ಗುವಾಗಲೇ ಒಡೆಯುತ್ತದೆ.

ಸಿರಪ್ ಲೀಟರಿಗೆ ಹೀಗೆ: 80 ಗ್ರಾಂ ಹಸಿಶುಂಠಿ ಜಜ್ಜಿ ಅರ್ಧ ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ, ಉಳಿದ ನೀರಿಗೆ 500 ಗ್ರಾಂ ಸಕ್ಕರೆ, 3 ಗ್ರಾಂ ಉಪ್ಪು ಕರಗಿಸಿ ಆರಿಸಿ. ಇದನ್ನು ಎರಡು ದಿನ ಮೊದಲೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ಲಿಂಬಿರಸ 250 ಮಿ.ಲೀ. ಸೇರಿಸಿ ಲೀಟರಿಗೆ ಸರಿಮಾಡುವುದು ಮಾತ್ರ ಮದುವೆಯ ದಿನ ಬೆಳಿಗ್ಗೆಯೇ ಆಗಬೇಕು, ಹಿಂಡಿಟ್ಟ ರಸ ಮರುದಿನಕ್ಕೆ ಕಹಿ ತಿರುಗುತ್ತದೆ. 18 ಲೀಟರಿಗೆ 9 ಕೆ.ಜಿ. ಸಕ್ಕರೆ, ಒಂದೂವರೆ ಕೆ.ಜಿ. ಶುಂಠಿ, ನಾಲ್ಕೂವರೆ ಲೀಟರ್ ರಸ ಬೇಕು. ಹಣ್ಣಿಗೆ 15 ಮಿ.ಲೀ. ಎಂದರೆ 300 ಹಣ್ಣು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಂಡಿ ತಾಲ್ಲೂಕಿನ ಲಿಂಬಿ ನಿಮ್ಮ ಜಿಲ್ಲೆಯಲ್ಲೇ ಇರುವಾಗ ಬಾಟಲಿ ರಸದ ಕಡೆ ನೋಡಲೇಬೇಡಿ. ಉಪ್ಪು ಸಿರಪ್‌ನಲ್ಲೇ ಕರಗಿರಲಿ. ಸೋಡಾದ ಮೇಲೆ ಹರಳುಪ್ಪು ಉದುರಿಸಿದರೆ ಪ್ರತಿ ಹರಳೂ ಗ್ಯಾಸನ್ನು ಹೊರದಬ್ಬುತ್ತದೆ. ತಣ್ಣಗಿನ ಗ್ಲಾಸಿಗೆ ತಣ್ಣಗಿನ ಸಿರಪ್ ಮೊದಲು, ಗ್ಲಾಸ್ ಓರೆ ಹಿಡಿದು ಸೋಡಾ ಆಮೇಲೆ, ಉದ್ದ ಚಮಚದಿಂದ ತಳದಿಂದ ಮೇಲಕ್ಕೆ ಒಂದೇ ಸಲ ಕಲಸಿ.

ಮದುವೆಗೆ ಹದಿನೈದು ದಿನ ಮೊದಲೇ ಒಂದು ಕೆಗ್‌ನಲ್ಲಿ ಇದನ್ನೆಲ್ಲ ಪೂರ್ತಿ ಮಾಡಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಪೆಂಡಾಲ್ ಹಾಕುವ ಜಾಗದಲ್ಲೇ ಬಗ್ಗಿಸಿ ನೋಡಿ. ಪೈಪಿನ ಉದ್ದವನ್ನು ಅಲ್ಲೇ ಗಟ್ಟಿಮಾಡಿಕೊಳ್ಳಿ.